ಕ್ಷಮಾವಣಿಯ ದಿನ ದಂಡನೆಯ ಮಾತು: ಕರ್ತವ್ಯನಿರತರ ಮೇಲಿನ ಹಲ್ಲೆ ಮತ್ತು ಶ್ರಾವಕಧರ್ಮ



ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಿದೆ. ಉತ್ತಮ ಕ್ಷಮೆಯಿಂದ ಆರಂಭವಾದ ಪರ್ವ ಉತ್ತಮ ಬ್ರಹ್ಮಚರ್ಯದವರೆಗೆ ಸಾಗಿ, ಕೊನೆಗೆ ಮತ್ತೆ ಕ್ಷಮೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಇಂಥ ದಿನ ಜೈಲು, ದಂಡ, ಜಾಮೀನು ಎಂಬ ಮಾತುಗಳು ಯಾರ ಕಿವಿಗೂ ಹಿತವಾಗುವುದಿಲ್ಲ. ಆದರೂ ಇಂದಿನ ಉಪನ್ಯಾಸದ ವಿಷಯ ದಂಡನೆಯೇ. ಪೊಲೀಸರು, ವೈದ್ಯರು, ದಾದಿಯರು, ಆಂಬುಲೆನ್ಸ್ ಚಾಲಕರು, ಅಗ್ನಿಶಾಮಕ ಸಿಬ್ಬಂದಿ ಕರ್ತವ್ಯದಲ್ಲಿರುವಾಗ ಅವರ ಮೇಲೆ ಕೈಮಾಡುವವರಿಗೆ ದೇಶದ ಕಾನೂನು ಯಾವ ಶಿಕ್ಷೆ ವಿಧಿಸುತ್ತದೆ, ಆ ಶಿಕ್ಷೆ ಸಾಕೇ, ಅಣುವ್ರತಗಳನ್ನು ಒಪ್ಪಿಕೊಂಡ ಗೃಹಸ್ಥನಿಗೆ ಈ ವಿಷಯದಲ್ಲಿ ಯಾವ ಹೊಣೆಯಿದೆ ಎಂಬುದು ವಿಚಾರ. ಕ್ಷಮೆ ಕೇಳುವ ದಿನವೇ ಈ ವಿಚಾರ ಬರಬೇಕು. ಏಕೆಂದರೆ ಕ್ಷಮೆ ಯಾಚಿಸಬೇಕಾದವರ ಪಟ್ಟಿಯಲ್ಲಿ ನೆಂಟರಿಷ್ಟರು, ನೆರೆಹೊರೆಯವರು, ವ್ಯಾಪಾರದ ಪಾಲುದಾರರು ಇರುತ್ತಾರೆ. ಬೀದಿಯ ಕಾನ್‌ಸ್ಟೆಬಲ್ ಮತ್ತು ಆಸ್ಪತ್ರೆಯ ದಾದಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ಮುಂಬೈಯ ಎರಡು ಘಟನೆಗಳಿಂದ ಆರಂಭಿಸುವುದು ಉಚಿತ. 2008ರ ನವೆಂಬರ್ 26ರ ರಾತ್ರಿ ಗಿರಗಾಂವ್ ಚೌಪಾಟಿಯ ಬಳಿ ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಮ್ ಓಂಬಳೆ ಭಯೋತ್ಪಾದಕನ ಬಂದೂಕಿನ ನಳಿಗೆಯನ್ನು ಬರಿಗೈಯಲ್ಲಿ ಹಿಡಿದುಕೊಂಡರು. ಗುಂಡುಗಳು ದೇಹವನ್ನು ಹೊಕ್ಕರೂ ಹಿಡಿತ ಬಿಡಲಿಲ್ಲ. ಅವರ ಬಳಿ ಇದ್ದ ಆಯುಧ ಒಂದು ಲಾಠಿ ಮಾತ್ರ. ದೇಶವು ಅವರಿಗೆ ಮರಣೋತ್ತರ ಅಶೋಕ ಚಕ್ರವನ್ನು ನೀಡಿತು. ಎಂಟು ವರ್ಷಗಳ ತರುವಾಯ, 2016ರ ಆಗಸ್ಟ್ ತಿಂಗಳಲ್ಲಿ, ಅದೇ ನಗರದ ಖಾರ್ ಪ್ರದೇಶದ ಪೆಟ್ರೋಲ್ ಬಂಕೊಂದರಲ್ಲಿ ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಬಂದ ಅಪ್ರಾಪ್ತ ಬಾಲಕನನ್ನು ಒಬ್ಬ ಸಂಚಾರ ಪೊಲೀಸ್ ಕಾನ್‌ಸ್ಟೆಬಲ್ ತಡೆದು ದಾಖಲೆ ಕೇಳಿದರು. ಬಾಲಕ ಫೋನ್ ಮಾಡಿ ಅಣ್ಣನನ್ನು ಕರೆಸಿಕೊಂಡ. ಕಾನ್‌ಸ್ಟೆಬಲ್ ತಲೆಗೆ ಪೆಟ್ಟು ಬಿತ್ತು. ಕೆಲವು ದಿನ ಆಸ್ಪತ್ರೆಯಲ್ಲಿ ಹೋರಾಡಿ ಅವರು ಪ್ರಾಣ ಬಿಟ್ಟರು. ಬಂದೂಕಿನ ಎದುರು ನಿಂತ ಪೊಲೀಸನನ್ನು ಕೊಂದವನು ಶತ್ರು. ಹೆಲ್ಮೆಟ್ ಎಲ್ಲಿ ಎಂದು ಕೇಳಿದ ಪೊಲೀಸನ ಸಾವು ಬಂದದ್ದು ಸಾಮಾನ್ಯ ಮನೆಯೊಂದರಿಂದ. ಮೊದಲನೆಯದನ್ನು ಎದುರಿಸಲು ಸೈನ್ಯವಿದೆ, ಗಡಿಯಿದೆ. ಎರಡನೆಯದನ್ನು ಎದುರಿಸಬೇಕಾದದ್ದು ಮನೆ ಮತ್ತು ಸಮಾಜ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಿಂದೆ 353ನೇ ಕಲಂ ಎಂದು ಪ್ರಸಿದ್ಧವಾಗಿದ್ದುದು ಈಗ 132ನೆಯ ಕಲಂ. ಸರ್ಕಾರಿ ಸೇವಕನನ್ನು ಕರ್ತವ್ಯದಿಂದ ತಡೆಯುವ ಉದ್ದೇಶದಿಂದ ಅವನ ಮೇಲೆ ಹಲ್ಲೆಗೆ ಮುಂದಾದರೆ ಅಥವಾ ಬಲಪ್ರಯೋಗ ಮಾಡಿದರೆ 2 ವರ್ಷಗಳವರೆಗೆ ಸೆರೆವಾಸ. ಅವನಿಗೆ ಗಾಯವಾದರೆ 121ನೆಯ ಕಲಂ ಅನ್ವಯವಾಗುತ್ತದೆ. ಹಳೆಯ ಸಂಹಿತೆಯಲ್ಲಿ ಇದಕ್ಕೆ 3 ವರ್ಷಗಳವರೆಗೆ ಶಿಕ್ಷೆ ಇತ್ತು. ಈಗ 5 ವರ್ಷಗಳವರೆಗೆ ಏರಿದೆ. ತೀವ್ರ ಸ್ವರೂಪದ ಗಾಯವಾದರೆ ಕನಿಷ್ಠ 1 ವರ್ಷ, ಗರಿಷ್ಠ 10 ವರ್ಷ. ಕೈ ಮುಟ್ಟಿಸದೆ ಕೇವಲ ಅಡ್ಡಿಪಡಿಸಿದರೂ 221ನೆಯ ಕಲಮಿನ ಅಡಿಯಲ್ಲಿ 3 ತಿಂಗಳವರೆಗೆ ಸೆರೆವಾಸ ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಲ್ಲೆಯ ಅಪರಾಧಗಳು ಜಾಮೀನುರಹಿತ. ಜಾಮೀನು ಸಿಗುವುದೇ ಇಲ್ಲವೆಂದು ಇದರ ಅರ್ಥವಲ್ಲ. ಅದು ಹಕ್ಕಾಗಿ ಸಿಗುವುದಿಲ್ಲ, ನ್ಯಾಯಾಲಯದ ವಿವೇಚನೆಗೆ ಸೇರಿದ್ದು ಎಂದರ್ಥ.

ಇಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ಆತ್ಮರಕ್ಷಣೆಯ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ. ಆದರೆ ಸರ್ಕಾರಿ ಸೇವಕನು ತನ್ನ ಅಧಿಕಾರದ ಹೆಸರಿನಲ್ಲಿ, ಸದ್ಭಾವನೆಯಿಂದ ಮಾಡಿದ ಕೆಲಸವು ಕಾನೂನಿನ ಕಟ್ಟುನಿಟ್ಟಿನ ದೃಷ್ಟಿಯಲ್ಲಿ ಸರಿಯಾಗಿಲ್ಲದಿದ್ದರೂ ಅದರ ವಿರುದ್ಧ ಕೈ ಎತ್ತುವ ಹಕ್ಕಿಲ್ಲ ಎಂದು ಸಂಹಿತೆಯ 37ನೆಯ ಕಲಂ ಹೇಳುತ್ತದೆ. ಪ್ರಾಣಭಯ ಅಥವಾ ತೀವ್ರ ಗಾಯದ ಭಯ ಸಕಾರಣವಾಗಿ ಉಂಟಾದಾಗ ಮಾತ್ರ ಈ ನಿರ್ಬಂಧ ಸಡಿಲವಾಗುತ್ತದೆ. ಅಂದರೆ ಟ್ರಾಫಿಕ್ ಪೊಲೀಸನು ತಪ್ಪಾಗಿ ದಂಡ ಹಾಕಿದನೆಂಬ ಕಾರಣಕ್ಕೆ ಅವನ ಕಾಲರ್ ಹಿಡಿಯುವಂತಿಲ್ಲ. ಅವನ ತಪ್ಪಿಗೆ ಮೇಲಧಿಕಾರಿಯಿದ್ದಾನೆ, ನ್ಯಾಯಾಲಯವಿದೆ. ಕೈ ಎತ್ತಿದ ಕ್ಷಣದಲ್ಲಿ ಅವನ ತಪ್ಪು ಹಿಂದಕ್ಕೆ ಸರಿದು, ಎತ್ತಿದವನ ತಪ್ಪೇ ಪ್ರಕರಣವಾಗುತ್ತದೆ.

ಖಾಸಗಿ ಆಸ್ಪತ್ರೆಯ ವೈದ್ಯರು ಸಾಮಾನ್ಯವಾಗಿ ಸರ್ಕಾರಿ ಸೇವಕರೆಂಬ ವ್ಯಾಖ್ಯೆಗೆ ಬರುವುದಿಲ್ಲ. ಆ ಕೊರತೆಯನ್ನು ತುಂಬಲು ರಾಜ್ಯಗಳು ಪ್ರತ್ಯೇಕ ಕಾನೂನುಗಳನ್ನು ಮಾಡಿಕೊಂಡವು. ಆಂಧ್ರಪ್ರದೇಶ, ತಮಿಳುನಾಡು, ದೆಹಲಿಗಳಲ್ಲಿ 2008ರಲ್ಲಿ, ಕರ್ನಾಟಕದಲ್ಲಿ 2009ರಲ್ಲಿ, ಮಹಾರಾಷ್ಟ್ರದಲ್ಲಿ 2010ರಲ್ಲಿ ಇಂಥ ಕಾನೂನುಗಳು ಬಂದವು. ಮಹಾರಾಷ್ಟ್ರದ ಕಾನೂನಿನಂತೆ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿವರೆಗೆ ದಂಡವಿದೆ. ಹಾಳುಮಾಡಿದ ಉಪಕರಣಗಳ ಬೆಲೆಯ ಎರಡರಷ್ಟನ್ನು ತುಂಬಿಕೊಡಬೇಕಾಗುತ್ತದೆ. ಇನ್ನು ಕೈಯನ್ನೇ ಎತ್ತದೆ ಮಾಡುವ ಹಿಂಸೆಯೂ ಉಂಟು. ಆಂಬುಲೆನ್ಸ್ ಅಥವಾ ಅಗ್ನಿಶಾಮಕ ವಾಹನಕ್ಕೆ ದಾರಿ ಬಿಡದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ.

ಶಿಕ್ಷೆಯ ಪ್ರಮಾಣ ಇನ್ನೂ ಏರಿದ ಪ್ರಸಂಗವೊಂದನ್ನು ಚೆನ್ನೈಯಲ್ಲಿ ನೆಲೆಸಿರುವ ಕುಟುಂಬಗಳು ಮರೆತಿರಲಾರವು. 2020ರ ಏಪ್ರಿಲ್ 19ರಂದು ಆ ನಗರದ ಹಿರಿಯ ನರರೋಗ ಶಸ್ತ್ರಚಿಕಿತ್ಸಕರೊಬ್ಬರು ಕೊರೊನಾ ಸೋಂಕಿನಿಂದ ನಿಧನರಾದರು. ಸೋಂಕು ಹರಡುವುದೆಂದು ಹೆದರಿದ ಗುಂಪೊಂದು ಅವರ ದೇಹವನ್ನು ಹೊತ್ತ ಆಂಬುಲೆನ್ಸ್ ಮೇಲೆ ಕಲ್ಲು, ದೊಣ್ಣೆಗಳಿಂದ ದಾಳಿ ಮಾಡಿತು. ಗಾಯಗೊಂಡ ಚಾಲಕ ವಾಹನ ಓಡಿಸುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ ಅವರ ಸಹೋದ್ಯೋಗಿ ವೈದ್ಯರೇ ಆಂಬುಲೆನ್ಸ್ ನಡೆಸಿಕೊಂಡು ಬಂದು, ಪೊಲೀಸರ ರಕ್ಷಣೆಯಲ್ಲಿ, ನಡುರಾತ್ರಿ ಸಲಿಕೆ ಹಿಡಿದು ತಾವೇ ಮಣ್ಣೆಳೆದು ಮಿತ್ರನ ಅಂತ್ಯಸಂಸ್ಕಾರ ನೆರವೇರಿಸಿದರು. ಇದಾದ ಮೂರೇ ದಿನಗಳಲ್ಲಿ, ಏಪ್ರಿಲ್ 22ರಂದು, ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದಿತು. ದೇಶದ ಬೇರೆ ಬೇರೆ ಕಡೆ ಆರೋಗ್ಯ ಸಿಬ್ಬಂದಿಯ ಮೇಲೆ ನಡೆದ ದಾಳಿಗಳು ಅದಕ್ಕೆ ಹಿನ್ನೆಲೆಯಾಗಿದ್ದವು. ಅದರಂತೆ ಹಿಂಸೆಗೆ 3 ತಿಂಗಳಿಂದ 5 ವರ್ಷ, ತೀವ್ರ ಗಾಯಕ್ಕೆ 6 ತಿಂಗಳಿಂದ 7 ವರ್ಷ ಸೆರೆವಾಸ; ದಂಡ 5 ಲಕ್ಷ ರೂಪಾಯಿವರೆಗೆ. ತನಿಖೆ 30 ದಿನಗಳಲ್ಲಿ, ವಿಚಾರಣೆ 1 ವರ್ಷದಲ್ಲಿ ಮುಗಿಯಬೇಕು. ಅದೇ ವರ್ಷ ಸಂಸತ್ತು ಇದನ್ನು ಕಾಯ್ದೆಯಾಗಿ ಅಂಗೀಕರಿಸಿತು. ಆದರೆ ಸಾಂಕ್ರಾಮಿಕ ರೋಗದ ಕಾಲಕ್ಕೆ ಮಾತ್ರ ಅದು ಅನ್ವಯ.

ಹೀಗೆ 2 ವರ್ಷ 5 ಆಗುತ್ತದೆ, 5 ವರ್ಷ 7 ಆಗುತ್ತದೆ. ಪ್ರತಿ ಸಲ ಶಿಕ್ಷೆ ಏರಿದಾಗಲೂ ಕರತಾಡನ ಕೇಳಿಬರುತ್ತದೆ. ಜೈನ ಪುರಾಣವನ್ನು ಓದಿದವರಿಗೆ ಮಾತ್ರ ಇಲ್ಲಿ ಇನ್ನೊಂದು ನೆನಪು ಬರಬೇಕು.

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ದಂಡನೆಯ ಹುಟ್ಟಿನ ಕಥನವಿದೆ. ಭೋಗಭೂಮಿಯ ಸುಖ ಕ್ಷೀಣಿಸಿ ಜನರಲ್ಲಿ ತಪ್ಪುಗಳು ಕಾಣಿಸಿಕೊಂಡಾಗ ಮೊದಲ ಐವರು ಕುಲಕರರು ವಿಧಿಸಿದ ಶಿಕ್ಷೆ ‘ಹಾ’ ಎಂಬ ಒಂದೇ ಉದ್ಗಾರ. ‘ಅಯ್ಯೋ, ಇದೇನು ಮಾಡಿದೆ’ ಎಂಬ ಆ ವಿಷಾದವೇ ತಪ್ಪಿತಸ್ಥನನ್ನು ತಿದ್ದಲು ಸಾಕಾಗುತ್ತಿತ್ತು. ಮುಂದಿನ ಐವರ ಕಾಲಕ್ಕೆ ಅದು ಸಾಲದೆ ‘ಮಾ’, ಅಂದರೆ ‘ಇನ್ನು ಮಾಡಬೇಡ’ ಎಂಬುದು ಸೇರಿತು. ಅದರ ಮುಂದಿನವರ ಕಾಲಕ್ಕೆ ‘ಧಿಕ್’ ಎಂಬ ಧಿಕ್ಕಾರವೂ ಬೇಕಾಯಿತು. ಭರತ ಚಕ್ರವರ್ತಿಯ ಕಾಲಕ್ಕೆ ಮಾತಿನ ದಂಡನೆ ಸಾಲದೆ ಬಂಧನ, ಶರೀರದಂಡನೆಗಳು ಬಂದವು. ಈ ಕಥನವು ದಂಡನೆಯನ್ನು ನಿಷೇಧಿಸುವುದಿಲ್ಲ. ಕಾಲಕ್ಕೆ ತಕ್ಕ ದಂಡನೆ ಅನಿವಾರ್ಯವೆಂದು ಒಪ್ಪುತ್ತದೆ. ಆದರೆ ದಂಡನೆ ಏರುವುದನ್ನು ಅದು ಪ್ರಗತಿಯೆಂದು ಕರೆಯುವುದಿಲ್ಲ, ಅವಸರ್ಪಿಣಿಯ ಲಕ್ಷಣವೆಂದು ಕರೆಯುತ್ತದೆ. ‘ಹಾ’ ಎಂದರೆ ನಾಚಿಕೊಳ್ಳುತ್ತಿದ್ದ ಜನ ‘ಧಿಕ್’ ಎಂದರೂ ನಾಚಿಕೊಳ್ಳದ ಸ್ಥಿತಿಗೆ ಇಳಿದರು ಎಂಬುದರ ದಾಖಲೆ ಅದು. 121ನೆಯ ಕಲಮಿನಲ್ಲಿ 3 ವರ್ಷ 5 ಆದದ್ದನ್ನು ಈ ಬೆಳಕಿನಲ್ಲಿ ಓದಿದರೆ ಸಂಭ್ರಮಕ್ಕಿಂತ ಸಂಕೋಚವೇ ಹೆಚ್ಚಾಗುತ್ತದೆ.

ಶಿಕ್ಷೆಯನ್ನು ಏರಿಸಿದ ಮಾತ್ರಕ್ಕೆ ಹಲ್ಲೆ ನಿಲ್ಲುವುದೇ? ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಶಿಕ್ಷೆ ತಪ್ಪದೆ ಬರುತ್ತದೆ ಎಂಬ ನಿಶ್ಚಯ ಎಂಬುದು ಅವನ ವಾದದ ಸಾರ. ಮಹಾರಾಷ್ಟ್ರದ ಅನುಭವ ಇಲ್ಲಿ ಗಮನಾರ್ಹ. ಆ ರಾಜ್ಯ ಹಳೆಯ 353ನೆಯ ಕಲಮಿನ ಶಿಕ್ಷೆಯನ್ನು 2 ವರ್ಷದಿಂದ 5 ವರ್ಷಕ್ಕೆ ಏರಿಸಿತ್ತು. ಕೆಲವೇ ವರ್ಷಗಳಲ್ಲಿ, ಪ್ರಶ್ನೆ ಕೇಳಲು ಕಚೇರಿಗೆ ಹೋದವರ ಮೇಲೂ ಈ ಕಲಂ ಹೂಡಲಾಗುತ್ತಿದೆ ಎಂಬ ದೂರು ವಿಧಾನಮಂಡಲದಲ್ಲೇ ಕೇಳಿಬಂತು. ಈಗ ಕೇಂದ್ರದ ಹೊಸ ಸಂಹಿತೆಯ 132ನೆಯ ಕಲಮಿನಲ್ಲಿ ಅದು 2 ವರ್ಷವಾಗಿಯೇ ಇದೆ. ಮಿತಿಯಿಲ್ಲದೆ ಹರಿತವಾದ ಕತ್ತಿ ಹಲ್ಲೆಕೋರನನ್ನೂ ದೂರುಗಾರನನ್ನೂ ಒಂದೇ ರೀತಿ ಕೊಯ್ಯುತ್ತದೆ.

ನಿಶ್ಚಯ ಎಂದರೇನು ಎಂಬುದಕ್ಕೆ 2024 ಒಂದು ಉದಾಹರಣೆ ಕೊಟ್ಟಿದೆ. ಆ ವರ್ಷದ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯ ಮೇಲೆ ಅತ್ಯಾಚಾರ ನಡೆದು ಆಕೆಯ ಕೊಲೆಯಾಯಿತು. ಕೆಲವೇ ದಿನಗಳಲ್ಲಿ ಗುಂಪೊಂದು ಅದೇ ಆಸ್ಪತ್ರೆಗೆ ನುಗ್ಗಿ ಧ್ವಂಸ ಮಾಡಿತು. ದೇಶದಾದ್ಯಂತ ವೈದ್ಯರು ಬೀದಿಗಿಳಿದರು. ಆಗಸ್ಟ್ 16ರಂದು ಕೇಂದ್ರ ಆರೋಗ್ಯ ಇಲಾಖೆ ತನ್ನ ಆಸ್ಪತ್ರೆಗಳಿಗೆ ಒಂದು ಸೂಚನೆ ಹೊರಡಿಸಿತು: ಸಿಬ್ಬಂದಿಯ ಮೇಲೆ ಹಲ್ಲೆ ನಡೆದರೆ 6 ಗಂಟೆಗಳೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್‌ಗೆ ವ್ಯವಸ್ಥೆ ಮಾಡಬೇಕು. ನಾಲ್ಕು ದಿನಗಳ ಬಳಿಕ ಸರ್ವೋಚ್ಚ ನ್ಯಾಯಾಲಯ ವೈದ್ಯರ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಪ್ರತ್ಯೇಕ ಕೇಂದ್ರ ಕಾನೂನು ಬೇಕೆಂದು ವೈದ್ಯ ಸಂಘಟನೆಗಳು ಕೇಳುತ್ತಿದ್ದರೂ, ಇರುವ ರಾಜ್ಯ ಕಾನೂನುಗಳು ಮತ್ತು ನ್ಯಾಯ ಸಂಹಿತೆ ಸಾಕೆಂಬುದು ಆ ಕಾರ್ಯಪಡೆಯ ಅಭಿಪ್ರಾಯವಾಗಿತ್ತು. ಹೊಡೆಸಿಕೊಂಡ ದಾದಿ ತಾನೇ ಠಾಣೆಯ ಮೆಟ್ಟಿಲು ಹತ್ತಬೇಕಾದರೆ ಹತ್ತು ದೂರುಗಳಲ್ಲಿ ಎಷ್ಟು ದಾಖಲಾದಾವು? ಸಂಸ್ಥೆಯೇ ಆಕೆಯ ಪರವಾಗಿ ಆರು ಗಂಟೆಗಳಲ್ಲಿ ನಿಂತರೆ ಹೊಡೆದವನಿಗೆ ನಿಶ್ಚಯದ ಅರ್ಥ ತಿಳಿಯುತ್ತದೆ. ಕಾಗದದ ಮೇಲಿನ 10 ವರ್ಷಕ್ಕಿಂತ, ತಪ್ಪದೆ ಬರುವ 6 ತಿಂಗಳು ಹೆಚ್ಚು ಭಯ ಹುಟ್ಟಿಸುತ್ತದೆ.

ಬಂಧುಗಳೇ, ಇಲ್ಲಿಯವರೆಗಿನ ಮಾತು ಒಂದು ಕಡೆಯದು. ತಕ್ಕಡಿಗೆ ಎರಡು ತಟ್ಟೆ. ಚೆನ್ನೈಯ ಆ ನಡುರಾತ್ರಿಯ ಎರಡು ತಿಂಗಳ ನಂತರ, ಅದೇ ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂನಲ್ಲಿ, ಲಾಕ್‌ಡೌನ್ ವೇಳೆ ಮೀರಿ ಅಂಗಡಿ ತೆರೆದಿದ್ದರೆಂಬ ಆರೋಪದ ಮೇಲೆ ಪೊಲೀಸರು ತಂದೆ ಮತ್ತು ಮಗನನ್ನು ಠಾಣೆಗೆ ಕರೆದೊಯ್ದರು. ಕೆಲವೇ ದಿನಗಳಲ್ಲಿ ಇಬ್ಬರೂ ಪ್ರಾಣ ಕಳೆದುಕೊಂಡರು. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ತಾನಾಗಿ ಮಧ್ಯಪ್ರವೇಶಿಸಿತು. ಸಿಬಿಐ ತನಿಖೆ ನಡೆಸಿ ಪೊಲೀಸ್ ಸಿಬ್ಬಂದಿಯ ವಿರುದ್ಧ ಕೊಲೆಯ ಆರೋಪಪಟ್ಟಿ ಸಲ್ಲಿಸಿತು. ಅಂಗಡಿಯನ್ನೇ ನೆಚ್ಚಿ ಬದುಕುವ ಅನೇಕ ಕುಟುಂಬಗಳಿರುವ ಈ ಸಮಾಜ ಆ ತಂದೆ-ಮಗನ ಸುದ್ದಿಯನ್ನು ಮರೆಯಲಾಗದು. ಖಾಕಿಯ ಮೇಲೆ ಎತ್ತಿದ ಕೈಗೆ ಶಿಕ್ಷೆ ಕೇಳುವ ನಾಲಿಗೆ, ಖಾಕಿ ಎತ್ತಿದ ಕೈಗೂ ಶಿಕ್ಷೆ ಕೇಳದಿದ್ದರೆ ಅದು ನ್ಯಾಯದ ನಾಲಿಗೆಯಾಗದು.

ಕಾನೂನಿನಲ್ಲಿ ಅದಕ್ಕೂ ಅವಕಾಶವಿದೆ. ತಪ್ಪೊಪ್ಪಿಗೆಗಾಗಿ ಗಾಯಪಡಿಸಿದವರಿಗೆ ನ್ಯಾಯ ಸಂಹಿತೆಯ 120ನೆಯ ಕಲಂ 7 ವರ್ಷಗಳವರೆಗೆ, ತೀವ್ರ ಗಾಯವಾದರೆ 10 ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತದೆ. 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಬಂಧನದ ಮೆಮೊ, ಬಂಧುಗಳಿಗೆ ಮಾಹಿತಿ, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆಗಳನ್ನು ಕಡ್ಡಾಯಗೊಳಿಸಿತು. 2020ರ ಡಿಸೆಂಬರ್‌ನಲ್ಲಿ ಎಲ್ಲ ಪೊಲೀಸ್ ಠಾಣೆಗಳಲ್ಲಿ ಸಿಸಿಟಿವಿ ಕ್ಯಾಮೆರಾ ಇರಬೇಕೆಂದು ಆದೇಶಿಸಿತು. ಆದರೂ ಒಂದು ವ್ಯತ್ಯಾಸ ಉಳಿದಿದೆ. ಕಾನ್‌ಸ್ಟೆಬಲ್ ಮೇಲೆ ಕೈಮಾಡಿದ ನಾಗರಿಕನ ವಿರುದ್ಧ ಮೊಕದ್ದಮೆಗೆ ಯಾರ ಅನುಮತಿಯೂ ಬೇಕಿಲ್ಲ. ಕರ್ತವ್ಯದ ನಿರ್ವಹಣೆಯಲ್ಲಿ ತಪ್ಪೆಸಗಿದನೆಂಬ ಆರೋಪಕ್ಕೊಳಗಾದ ಅಧಿಕಾರಿಯ ವಿಷಯದಲ್ಲಿ ಸರ್ಕಾರದ ಪೂರ್ವಾನುಮತಿಯ ಪ್ರಶ್ನೆ ಎದ್ದು ನಿಲ್ಲುತ್ತದೆ. ಪೊಲೀಸರಿಗೆ ಹೆಚ್ಚಿನ ರಕ್ಷಣೆ ಬೇಕೆನ್ನುವ ಪ್ರತಿಯೊಬ್ಬರೂ ಈ ಅನುಮತಿಗಳು ವಿಳಂಬವಾಗಬಾರದೆಂದೂ, ಠಾಣೆಯ ಕ್ಯಾಮೆರಾ ಕೆಟ್ಟಿರಬಾರದೆಂದೂ ಅದೇ ದನಿಯಲ್ಲಿ ಕೇಳಬೇಕು.

ಜೈನ ಆಚಾರಶಾಸ್ತ್ರದ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ಅಡುಗೆ, ಮನೆಗೆಲಸಗಳಲ್ಲಿ ಆಗುವುದು ಆರಂಭೀ, ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ, ರಕ್ಷಣೆಗಾಗಿ ಒದಗುವುದು ವಿರೋಧೀ. ಕೊಲ್ಲಬೇಕು, ನೋಯಿಸಬೇಕು ಎಂದೇ ಮಾಡುವುದು ಸಂಕಲ್ಪೀ. ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ದರೋಡೆಕೋರನನ್ನು ತಡೆಯಲು ಪೊಲೀಸನು ಬಳಸುವ ಬಲ ವಿರೋಧೀ ಹಿಂಸೆಯ ವ್ಯಾಪ್ತಿಗೆ ಬರುತ್ತದೆ. ರೋಗಿ ಬದುಕಲಿಲ್ಲವೆಂದು ವೈದ್ಯನ ಮುಖಕ್ಕೆ ಹೊಡೆದದ್ದು ಯಾರ ರಕ್ಷಣೆಗೂ ಅಲ್ಲ. ಅದು ಸಂಕಲ್ಪೀ ಹಿಂಸೆ. ಕೈಗೆ ಕೋಳ ಬಿದ್ದ ಮೇಲೂ ಲಾಕಪ್ಪಿನಲ್ಲಿ ಬೀಳುವ ಪೆಟ್ಟು ಕೂಡ ರಕ್ಷಣೆಗಲ್ಲ. ಅದೂ ಸಂಕಲ್ಪೀ ಹಿಂಸೆಯೇ. ಅಂಗಿಯ ಬಣ್ಣ ನೋಡಿ ಈ ಶಾಸ್ತ್ರ ತೀರ್ಪು ಕೊಡುವುದಿಲ್ಲ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಹೊರಲಾರದ ಹೊರೆ ಹೊರಿಸುವುದು, ಅನ್ನಪಾನ ತಡೆಯುವುದು. ಪಾಠಶಾಲೆಗಳಲ್ಲಿ ಇವನ್ನು ಎತ್ತು, ಕುದುರೆಗಳ ಉದಾಹರಣೆ ಕೊಟ್ಟು ಕಲಿಸುವುದು ರೂಢಿ. ಎತ್ತುಗಳಿಲ್ಲದ ಮುಂಬೈ, ಪುಣೆ, ಹೈದರಾಬಾದುಗಳ ಮಕ್ಕಳಿಗೆ ಮನುಷ್ಯರ ಉದಾಹರಣೆ ಕೊಡಬೇಕು. ಇವುಗಳಲ್ಲಿ ಮೊದಲ ಮೂರು ಮತ್ತು ಐದನೆಯದು ಅಪರಾಧವೆಂದು ದಂಡಶಾಸ್ತ್ರಕ್ಕೂ ಗೊತ್ತು. ನಾಲ್ಕನೆಯದಾದ ಅತಿಭಾರಾರೋಪಣವನ್ನು ಮಾತ್ರ ಅಪರಾಧವೆಂದು ಕರೆಯುವವರು ಕಡಿಮೆ. ಹಲ್ಲೆಗಳ ಬೇರು ಇರುವುದು ಬಹುಮಟ್ಟಿಗೆ ಅಲ್ಲಿಯೇ.

ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಡುರಾತ್ರಿ ಸಿಗುವವರು ಸಾಮಾನ್ಯವಾಗಿ ಕಿರಿಯ ವೈದ್ಯರು. ಅವರ ನಿರಂತರ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದೆಂದು 1992ರಷ್ಟು ಹಿಂದೆಯೇ ಕೇಂದ್ರದ ನಿರ್ದೇಶನವಿತ್ತು. 2024ರಲ್ಲಿ ಸರ್ವೋಚ್ಚ ನ್ಯಾಯಾಲಯ 36 ಗಂಟೆಗಳ ಪಾಳಿಯ ಬಗ್ಗೆ ಕಳವಳ ಪಡಬೇಕಾಯಿತು. ಮೂವತ್ತು ಗಂಟೆ ನಿದ್ದೆಯಿಲ್ಲದ ವೈದ್ಯ, ಮೂರು ಗಂಟೆ ಉತ್ತರ ಸಿಗದೆ ಕಾದ ರೋಗಿಯ ಮಗ ಎದುರುಬದುರಾದಾಗ ಒಂದು ಒರಟು ಮಾತು ಸಾಕು. ಪೊಲೀಸರದ್ದೂ ಇದೇ ಕಥೆ. 2016ರಲ್ಲಿ, ಖಾರ್‌ನ ಆ ಕಾನ್‌ಸ್ಟೆಬಲ್ ತೀರಿಕೊಂಡ ವರ್ಷವೇ, ಮುಂಬೈಯ ದೇವನಾರ್ ಠಾಣೆಯಲ್ಲಿ 8 ಗಂಟೆಗಳ ಪಾಳಿಯನ್ನು ಪ್ರಯೋಗಕ್ಕೆ ತರಲಾಯಿತು. ಆ ಸಲಹೆ ಕೊಟ್ಟವರು ಒಬ್ಬ ಸಾಮಾನ್ಯ ಕಾನ್‌ಸ್ಟೆಬಲ್. ಅದಕ್ಕೆ ಮುನ್ನ 12 ಗಂಟೆಗಳ ಪಾಳಿ, ಬಂದೋಬಸ್ತಿನ ದಿನ ಅದಕ್ಕೂ ಮಿಗಿಲು. ಹೊರೆ ಇಳಿಸುವ ಕೆಲಸವೂ ಹಲ್ಲೆ ತಡೆಯುವ ಕೆಲಸವೇ. ಚುನಾವಣೆಯಲ್ಲಿ ಮತ ಕೇಳಲು ಬರುವವರನ್ನು ಶಿಕ್ಷೆ ಎಷ್ಟು ಏರಿಸುತ್ತೀರಿ ಎಂದು ಕೇಳುವ ಬದಲು, ಠಾಣೆಯಲ್ಲಿ ಎಷ್ಟು ಹುದ್ದೆ ಖಾಲಿಯಿದೆ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಎಷ್ಟು ವೈದ್ಯರಿದ್ದಾರೆ ಎಂದು ಕೇಳುವುದು ಉಪಯುಕ್ತ.

ಈಗ ಸಮಾಜದ ಸ್ವಂತ ಹೊಣೆಯ ಮಾತು. ಪಾಪವು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಾಗಿಲಿನಿಂದ ಬರುತ್ತದೆ: ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಅಹಿಂಸೆಯನ್ನೇ ಪರಮಧರ್ಮವೆಂದು ನಂಬಿದ ಮನೆಗಳಲ್ಲಿ ಪೊಲೀಸನಿಗೆ ಹೊಡೆಯುವವರು ವಿರಳ ಎಂದು ಸಮಾಧಾನಪಡುವುದು ಸುಲಭ. ಮೊದಲ ಬಾಗಿಲು ಮುಚ್ಚಿರಬಹುದು. ಉಳಿದ ಎರಡನ್ನು ಪರೀಕ್ಷಿಸಬೇಕು.

ಹದಿನಾರು ವರ್ಷದ ಮಗನ ಕೈಗೆ ಬೈಕಿನ ಕೀಲಿ ಕೊಡುವುದು ಕಾರಿತದ ಮೊದಲ ಮೆಟ್ಟಿಲು. ಖಾರ್‌ನ ಘಟನೆ ಆರಂಭವಾದದ್ದು ದೊಣ್ಣೆಯಿಂದಲ್ಲ, ಅಪ್ರಾಪ್ತನ ಕೈ ಸೇರಿದ ಬೈಕಿನಿಂದ. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ, ವಾಹನದ ನೋಂದಣಿಯೂ 12 ತಿಂಗಳ ಕಾಲ ರದ್ದಾಗುತ್ತದೆ. ಪೊಲೀಸ್ ತಡೆದಾಗ ‘ಯಾರ ಮಗ ಗೊತ್ತೇ’ ಎಂದು ಹೇಳಲು ಕಲಿಸುವುದು ಎರಡನೆಯ ಮೆಟ್ಟಿಲು. ಪರಿಚಯದ ರಾಜಕಾರಣಿಗೆ ಫೋನ್ ಮಾಡಿ ಕಾನ್‌ಸ್ಟೆಬಲ್‌ನನ್ನು ಅವನ ಮೇಲಧಿಕಾರಿಯಿಂದ ಬೈಸುವುದು ಮೂರನೆಯದು. ಇವುಗಳಲ್ಲಿ ಯಾವುದರಲ್ಲೂ ರಕ್ತ ಹರಿಯುವುದಿಲ್ಲ. ಆದರೆ ಖಾಕಿ ತೊಟ್ಟವನು ಗೌರವಕ್ಕೆ ಅರ್ಹನಲ್ಲ ಎಂಬ ಪಾಠವನ್ನು ಮಗ ಊಟದ ಮನೆಯಲ್ಲೇ ಕಲಿಯುತ್ತಾನೆ.

ಅನುಮೋದಿತದ ಬಾಗಿಲು ಈಗ ಎಲ್ಲರ ಜೇಬಿನಲ್ಲಿದೆ. ಪೊಲೀಸನಿಗೋ ವೈದ್ಯನಿಗೋ ಯಾರೋ ಹೊಡೆಯುವ ವಿಡಿಯೊ ಬರುತ್ತದೆ. ‘ಸರಿಯಾಗಿ ಮಾಡಿದ’ ಎಂಬ ಒಂದು ಸಾಲು ಸೇರಿಸಿ ಅದನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಲಾಗುತ್ತದೆ. ಲಾಠಿಯೇಟಿನ ವಿಡಿಯೊಗೂ ‘ಇವರಿಗೆ ಇದೇ ಮದ್ದು’ ಎಂಬ ಸಾಲು ಸೇರುತ್ತದೆ. ಬೆಳಿಗ್ಗೆ ನೀರು ಸೋಸಿ ಕುಡಿದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ರಾತ್ರಿ ಹತ್ತಕ್ಕೆ ಇಂಥ ಸಂದೇಶ ಕಳುಹಿಸಿದ ಕೈ ಅಂದಿನ ವ್ರತವನ್ನು ಎಲ್ಲಿ ಕಳೆದುಕೊಂಡಿತು ಎಂದು ಪ್ರತಿಕ್ರಮಣದ ವೇಳೆ ಕೇಳಿಕೊಳ್ಳಬೇಕು. ಸೂಕ್ಷ್ಮಜೀವಿಗೆ ಮಿಡಿಯುವ ಮನಸ್ಸು ಪಂಚೇಂದ್ರಿಯ ಮನುಷ್ಯನ ಮೈಮೇಲಿನ ಪೆಟ್ಟಿಗೆ ನಗಬಾರದು.

ವ್ಯಾವಹಾರಿಕವಾಗಿ ಮಾಡಬಹುದಾದ ಕೆಲವು ಕೆಲಸಗಳೂ ಇವೆ. ಮನೆಯವರು ಆಸ್ಪತ್ರೆಯಲ್ಲಿದ್ದಾಗ ವೈದ್ಯರೊಂದಿಗೆ ಮಾತಾಡಲು ಕುಟುಂಬದ ಒಬ್ಬರನ್ನು, ಸಿಟ್ಟು ಕಡಿಮೆಯಿರುವವರನ್ನು, ಗೊತ್ತುಮಾಡುವುದು. ಸಾವು ಸಂಭವಿಸಿದಾಗ ಇಪ್ಪತ್ತು ಮಂದಿ ಐಸಿಯು ಬಾಗಿಲಿಗೆ ನುಗ್ಗದಂತೆ ಸಮಾಜದ ಹಿರಿಯರು ನಿಂತು ತಡೆಯುವುದು. ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ನಡೆದಿದೆ ಎನಿಸಿದರೆ ವೈದ್ಯಕೀಯ ದಾಖಲೆಗಳ ಪ್ರತಿ ಪಡೆದು ರಾಜ್ಯ ವೈದ್ಯಕೀಯ ಪರಿಷತ್ತಿಗೆ ಅಥವಾ ಗ್ರಾಹಕರ ಆಯೋಗಕ್ಕೆ ದೂರು ಕೊಡುವುದು. ಪೊಲೀಸರು ಅನುಚಿತವಾಗಿ ವರ್ತಿಸಿದರೆ ಎದೆಯ ಮೇಲಿನ ಹೆಸರು, ಸ್ಥಳ, ಸಮಯ ಗುರುತಿಟ್ಟುಕೊಂಡು ಮೇಲಧಿಕಾರಿಗೆ ಲಿಖಿತ ದೂರು ಸಲ್ಲಿಸುವುದು. ಪರಿಹಾರ ಸಿಗದಿದ್ದರೆ ಮಾನವ ಹಕ್ಕುಗಳ ಆಯೋಗ ಮತ್ತು ನ್ಯಾಯಾಲಯದ ಮೊರೆಹೋಗುವುದು. ದೂರು ಕೊಡುವುದು ಕ್ರೋಧವಲ್ಲ. ಕ್ರೋಧವನ್ನು ಕಾಗದಕ್ಕಿಳಿಸಿ ಆರಿಸುವ ಉಪಾಯ ಅದು. ಹೊಡೆದವನ ದೂರನ್ನು ಯಾರೂ ಕೇಳುವುದಿಲ್ಲ ಎಂಬುದೂ ಅನುಭವದ ಮಾತು.

ಕೊನೆಗೆ ಆರಂಭದ ಪ್ರಶ್ನೆಗೆ ಮರಳಬೇಕು. ಕ್ಷಮೆ ಮತ್ತು ದಂಡನೆ ಪರಸ್ಪರ ವಿರೋಧಿಗಳೇ? ಪೆಟ್ಟು ತಿಂದ ವೈದ್ಯೆ ಹೊಡೆದವನನ್ನು ಮನಸಾರೆ ಕ್ಷಮಿಸಬಹುದು. ಅದು ಆಕೆಯ ಆತ್ಮದ ವಿಷಯ, ಆಕೆಯ ಕರ್ಮಬಂಧದ ವಿಷಯ. ಆದರೆ ಸರ್ಕಾರಿ ಸೇವಕರ ಮೇಲಿನ ಹಲ್ಲೆಯ ಅಪರಾಧಗಳನ್ನು ನ್ಯಾಯ ಸಂಹಿತೆಯ ಮಟ್ಟಿಗೆ ಕಾನೂನು ರಾಜಿಗೆ ಒಳಪಡುವ ಪಟ್ಟಿಯಲ್ಲಿ ಇರಿಸಿಲ್ಲ. ಏಕೆಂದರೆ ಪೆಟ್ಟು ಬಿದ್ದದ್ದು ಆಕೆಯೊಬ್ಬಳಿಗಲ್ಲ. ಆ ಹೊತ್ತಿನಲ್ಲಿ ಪಕ್ಕದ ಹಾಸಿಗೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದ ರೋಗಿಗೂ ಬಿತ್ತು. ಆ ರೋಗಿಯ ಪರವಾಗಿ ಕ್ಷಮಿಸುವ ಅಧಿಕಾರ ಆಕೆಗಿಲ್ಲ. ದ್ವೇಷವನ್ನು ಬಿಡುವುದು ಕ್ಷಮೆ. ನ್ಯಾಯವನ್ನು ಬಿಡುವುದು ಕ್ಷಮೆಯಲ್ಲ. ಹಾಗೆಯೇ, ದ್ವೇಷವಿಲ್ಲದೆ, ಅಳತೆ ಮೀರದೆ, ಎರಡೂ ಕಡೆಗೆ ಒಂದೇ ತಕ್ಕಡಿ ಹಿಡಿದು, ತಡಮಾಡದೆ ವಿಧಿಸಿದ ದಂಡನೆ ಅಹಿಂಸೆಗೆ ಶತ್ರುವಲ್ಲ. ಅದು ಮುಂದಿನ ಪೆಟ್ಟನ್ನು ತಡೆಯುವ ತಡೆಗೋಡೆ.

ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿ ಹಿಡಿದ ಬಾಹುಬಲಿ ಅವನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಅವನನ್ನು ತಡೆಯಲು ಅಲ್ಲಿ ಯಾವ ಕಲಮೂ ಇರಲಿಲ್ಲ. ತಡೆದದ್ದು ಅವನ ಒಳಗೇ ಕೇಳಿಬಂದ ‘ಹಾ’ ಎಂಬ ದನಿ. ಶ್ರವಣಬೆಳಗೊಳದಿಂದ ಎಷ್ಟು ದೂರ ಹೋಗಿ ನೆಲೆಸಿದರೂ ಆ ದನಿಯನ್ನು ಮನೆಯ ಮಕ್ಕಳಿಗೆ ದಾಟಿಸುವುದು ಕನ್ನಡದ ಶ್ರಾವಕ ಕುಟುಂಬಗಳ ಹೊಣೆ. ಈ ಸಂಜೆ ಕೈಮುಗಿದು ‘ಖಮ್ಮಾಮಿ’ ಎನ್ನುವಾಗ ಬೀದಿಯ ತಿರುವಿನಲ್ಲಿ ಬಿಸಿಲಲ್ಲಿ ನಿಂತ ಸಂಚಾರ ಪೊಲೀಸನೂ, ರಾತ್ರಿ ಪಾಳಿಗೆ ಹೊರಟ ದಾದಿಯೂ, ದಾರಿಗಾಗಿ ಸೈರನ್ ಕೂಗುತ್ತಾ ಕಾದ ಆಂಬುಲೆನ್ಸ್ ಚಾಲಕನೂ ಆ ಯಾಚನೆಯೊಳಗೆ ಸೇರಲಿ. ನಾಳೆ ಅವರು ಎದುರಾದಾಗ ಅದು ನಡೆಯಲ್ಲಿ ಕಾಣಲಿ.

ಸರ್ವರಿಗೂ ಉತ್ತಮ ಕ್ಷಮೆ. ಜಯ ಜಿನೇಂದ್ರ.